ಕೀಲ್ಪಾಕಿನ ಹೆಸರೂ ಹೆಣ್ಣುಮಕ್ಕಳ ಕಾಲ್ಚೆಂಡೂ

ಈ ಮಹಾನಗರಕ್ಕೆ ಬಂದು ಕೀಲ್ಪಾಕಿನಲ್ಲಿ ಮನೆ ಮಾಡಿದ ಕನ್ನಡಿಗರಿಗೆಲ್ಲ ಒಂದು ಅನುಭವ ಸಾಮಾನ್ಯವಾಗಿ ಆಗಿರುತ್ತದೆ. ಊರಿನ ನೆಂಟರಿಗೆ ವಿಳಾಸ ಹೇಳಿದರೆ ಅವರು ಸುಮ್ಮನೆ ಬರೆದುಕೊಳ್ಳುತ್ತಾರೆ. ಇಲ್ಲಿಯವರಿಗೇ ಹೇಳಿದರೆ ಮೊದಲು ಒಂದು ನಗೆ ನಕ್ಕು ಆಮೇಲೆ ಮಾತು ಮುಂದುವರಿಸುತ್ತಾರೆ. ಉತ್ತರ ಕರ್ನಾಟಕದವರು ಜಗಳದಲ್ಲಿ ಧಾರವಾಡದ ಹೆಸರನ್ನೂ ಬೆಂಗಳೂರಿನವರು ನಿಮ್ಹಾನ್ಸಿನ ಹೆಸರನ್ನೂ ಹೇಗೆ ಎತ್ತುತ್ತಾರೋ, ಹಾಗೆಯೇ ಚೆನ್ನೈಯವರ ಆಡುಮಾತಿನಲ್ಲಿ ಕೀಲ್ಪಾಕ್ ಎಂದರೆ ಬರಿಯ ಬಡಾವಣೆಯಲ್ಲ, ಹುಚ್ಚಿನ ಇನ್ನೊಂದು ಹೆಸರು.

ಈ ನಗೆಗೆ ಒಂದು ಚರಿತ್ರೆಯಿದೆ. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ, 1794ರಲ್ಲಿ, ವ್ಯಾಲೆಂಟೈನ್ ಕಾನಲಿ ಎಂಬ ಶಸ್ತ್ರವೈದ್ಯರ ಮೇಲ್ವಿಚಾರಣೆಯಲ್ಲಿ ಮದರಾಸಿನಲ್ಲಿ ಮನೋರೋಗಿಗಳಿಗಾಗಿ ಒಂದು ಆಶ್ರಯ ಪ್ರಾರಂಭವಾಯಿತು. 1871ರಲ್ಲಿ ಅದು ಕೀಲ್ಪಾಕಿನ ಲೋಕಾಕ್ ಗಾರ್ಡನ್ಸ್ ಎಂಬ ವಿಶಾಲವಾದ ತೋಟಕ್ಕೆ ಬಂದು ನೆಲೆ ನಿಂತಿತು. 1922ರಲ್ಲಿ ಅದನ್ನು ಸರ್ಕಾರಿ ಮಾನಸಿಕ ಆಸ್ಪತ್ರೆ ಎಂದು ಕರೆದರು. 1978ರಲ್ಲಿ ಅದು ಮಾನಸಿಕ ಆರೋಗ್ಯ ಸಂಸ್ಥೆಯಾಯಿತು. ಮೇಡವಾಕ್ಕಂ ಟ್ಯಾಂಕ್ ರಸ್ತೆಯಲ್ಲಿ ಹೋಗುವವರು ಇಂದಿಗೂ ಅದರ ಉದ್ದನೆಯ ಗೋಡೆಯನ್ನು ನೋಡಬಹುದು. ಆಸ್ಪತ್ರೆಯ ಹೆಸರು ಕಾಲಕಾಲಕ್ಕೆ ಬದಲಾದರೂ ಜನರ ಬಾಯಲ್ಲಿ ಊರಿನ ಹೆಸರಿಗೆ ಅಂಟಿದ ಅರ್ಥ ಮಾತ್ರ ಬದಲಾಗಲಿಲ್ಲ.

ಆ ಗೋಡೆಯ ಒಳಗೆ ನಾವು ಕನ್ನಡಿಗರು ನೆನೆಯಬೇಕಾದ ಒಂದು ಬದುಕೂ ನಡೆದಿದೆ. ಡಾಕ್ಟರ್ ಎಂ. ಶಾರದಾ ಮೆನನ್ ಅವರು ಹುಟ್ಟಿದ್ದು ಮಂಗಳೂರಿನಲ್ಲಿ, 1923ರಲ್ಲಿ. ಮದರಾಸಿನಲ್ಲಿ ವೈದ್ಯಶಾಸ್ತ್ರ ಕಲಿತು, ಮನೋವೈದ್ಯದ ತರಬೇತಿಗೆ ಬೆಂಗಳೂರಿಗೆ ಹೋಗಿ, ಮರಳಿ ಬಂದು ಕೀಲ್ಪಾಕಿನ ಆಸ್ಪತ್ರೆಯನ್ನು ಸೇರಿದರು. ಭಾರತದ ಮೊದಲ ಮಹಿಳಾ ಮನೋವೈದ್ಯೆ ಎಂದು ಹೆಸರಾದ ಅವರು ಬಹುಕಾಲ ಅದರ ಮುಖ್ಯಸ್ಥೆಯಾಗಿದ್ದು, 1978ರಲ್ಲಿ ನಿವೃತ್ತರಾದರು. ಆ ಮೇಲೂ ಸುಮ್ಮನೆ ಕೂರದೆ 1984ರಲ್ಲಿ ಸ್ಕಿಜೋಫ್ರೇನಿಯಾ ರೋಗಿಗಳಿಗಾಗಿ 'ಸ್ಕಾರ್ಫ್' ಎಂಬ ಸಂಸ್ಥೆಯನ್ನು ಕಟ್ಟಿದರು. 1992ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂದಿತು. 2021ರಲ್ಲಿ, ತೊಂಬತ್ತೆಂಟು ವರ್ಷಗಳ ತುಂಬು ಬಾಳನ್ನು ಮುಗಿಸಿದರು. ಮನಸ್ಸಿನ ಕಾಯಿಲೆ ಮುಚ್ಚಿಡುವ ಸಂಗತಿಯಲ್ಲ ಎಂಬುದನ್ನು ಒಬ್ಬ ಹೆಣ್ಣುಮಗಳು ಈ ಬಡಾವಣೆಯಲ್ಲಿಯೇ ಇದ್ದು ಇಷ್ಟು ಕಾಲ ತೋರಿಸಿಕೊಟ್ಟರೂ, ಕೀಲ್ಪಾಕ್ ಎಂದೊಡನೆ ಬರುವ ನಗೆ ನಿಂತಿಲ್ಲ.

ಇದಕ್ಕೂ ಕಾಲ್ಚೆಂಡಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧವನ್ನು ನಾವು ಕಂಡುಕೊಂಡದ್ದು ನಮ್ಮ ಬೀದಿಯ ಒಂದು ಮನೆಯಲ್ಲಿ.

ಶಿವಮೊಗ್ಗದ ಕಡೆಯ ಸಂಸಾರ. ಮಗಳು ಶಾಲೆಯ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಪೂನಮಲ್ಲಿ ಹೈರೋಡಿನ ನೆಹರು ಪಾರ್ಕಿನ ಕಡೆಗೆ ಬೆಳಗಿನ ಜಾವ ಸೈಕಲ್ಲಿನಲ್ಲಿ ಹೋಗಿ ಬರುವ ಹುಡುಗಿ. ಒಂದು ಸಂಜೆ ನಾವು ಅವರ ಮನೆಗೆ ಹೋದಾಗ ಆಕೆ ಊಟ ಬೇಡವೆಂದು ಕೋಣೆ ಸೇರಿದ್ದಳು. ಮರುದಿನ ಪಂದ್ಯ. ಪಂದ್ಯದ ಹಿಂದಿನ ರಾತ್ರಿ ಪ್ರತಿ ಸಲವೂ ಹೊಟ್ಟೆ ತೊಳಸುತ್ತದೆಯಂತೆ, ಅಂಗೈ ಬೆವರುತ್ತದೆಯಂತೆ. "ಕಣ್ಣಾಗಿದೆ" ಎಂದರು ಅಜ್ಜಿ. "ಇಷ್ಟು ಹೆದರುವವಳು ಆಡುವುದೇ ಬೇಡ" ಎಂದರು ತಂದೆ. ಅಣ್ಣನಾದವನು ನಗುತ್ತಾ, "ಕೀಲ್ಪಾಕಿಗೆ ಸೇರಿಸೋಣ ಬಿಡಿ" ಎಂದ. ಕೀಲ್ಪಾಕಿನಲ್ಲಿಯೇ ಇದ್ದುಕೊಂಡು ಆ ಮಾತು! ಎಲ್ಲರೂ ನಕ್ಕೆವು, ನಾವೂ ನಕ್ಕೆವು. ಒಳಗಿನಿಂದ ಬಾಗಿಲು ಹಾಕಿದ ಸದ್ದು ಕೇಳಿಸಿತು. ಆ ಮೇಲೆ ಆ ಹುಡುಗಿ ತನ್ನ ಹೆದರಿಕೆಯನ್ನು ಯಾರಿಗೂ ಹೇಳಲಿಲ್ಲವೆಂದು ಆಕೆಯ ತಾಯಿ ಎಷ್ಟೋ ದಿನಗಳ ನಂತರ ನಮಗೆ ತಿಳಿಸಿದರು. ಹೆದರಿಕೆ ಹೋಗಿರಲಿಲ್ಲ, ಹೇಳುವುದು ಮಾತ್ರ ನಿಂತಿತ್ತು.

ಆ ನಗೆಯ ಋಣ ತೀರಿಸಲೆಂದೇ ನಾವು ಈ ವಿಷಯವನ್ನು ಓದತೊಡಗಿದೆವು. ಓದುತ್ತಾ ಹೋದಂತೆ, ಹೆಣ್ಣುಮಕ್ಕಳ ಕಾಲ್ಚೆಂಡಿನ ಚರಿತ್ರೆ ಎಂದರೆ ಬಹುಮಟ್ಟಿಗೆ ಅವರ ಮೇಲೆ ಆಟದ ಹೊರಗಿನಿಂದ ಹೇರಿದ ಹೊರೆಯ ಚರಿತ್ರೆ ಎಂದು ತೋರಿತು.

ಮೊದಲು ಈ ಆಟದ ತವರಾದ ಇಂಗ್ಲೆಂಡನ್ನು ನೋಡೋಣ. ಮೊದಲನೆಯ ಮಹಾಯುದ್ಧದಲ್ಲಿ ಗಂಡಸರು ಯುದ್ಧಭೂಮಿಗೆ ಹೋದಾಗ ಕಾರ್ಖಾನೆಗಳಿಗೆ ಹೆಂಗಸರು ಬಂದರು. ಪ್ರೆಸ್ಟನ್ ಪಟ್ಟಣದ ಡಿಕ್ ಕೆರ್ ಕಾರ್ಖಾನೆಯ ಹುಡುಗಿಯರು ಬಿಡುವಿನ ವೇಳೆಯಲ್ಲಿ ಚೆಂಡನ್ನು ಒದೆಯುತ್ತಾ ಒಂದು ತಂಡವನ್ನೇ ಕಟ್ಟಿ, ಗಾಯಾಳು ಯೋಧರ ಸಹಾಯಾರ್ಥ ಪಂದ್ಯಗಳನ್ನು ಆಡಿದರು. 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಅವರ ಆಟ ನೋಡಲು ಸುಮಾರು 53,000 ಜನ ಸೇರಿದ್ದರು. ಒಂದು ವರ್ಷ ಕಳೆಯುವುದರೊಳಗೆ, 1921ರ ಡಿಸೆಂಬರ್ 5ರಂದು, ಅಲ್ಲಿನ ಫುಟ್‌ಬಾಲ್ ಸಂಸ್ಥೆಯು ಈ ಆಟ ಹೆಂಗಸರಿಗೆ ತಕ್ಕದ್ದಲ್ಲವೆಂದು ತೀರ್ಮಾನಿಸಿ, ತನ್ನ ಸದಸ್ಯ ಕ್ಲಬ್ಬುಗಳ ಮೈದಾನಗಳನ್ನು ಅವರಿಗೆ ಮುಚ್ಚಿಬಿಟ್ಟಿತು. ಹೆಣ್ಣಿನ ದೇಹ ಇದನ್ನು ತಾಳದು ಎಂದು ಸಾಕ್ಷಿ ನುಡಿದ ವೈದ್ಯರೂ ಇದ್ದರು. ಆ ನಿಷೇಧ ತೆರವಾದದ್ದು 1971ರಲ್ಲಿ, ಅಂದರೆ ಐವತ್ತು ವರ್ಷಗಳ ಮೇಲೆ.

ಐವತ್ತು ವರ್ಷವೆಂದರೆ ಎರಡು ತಲೆಮಾರು. ಆ ಅವಧಿಯಲ್ಲಿ ಚೆಂಡನ್ನು ಮುಟ್ಟಿದ ಪ್ರತಿಯೊಬ್ಬ ಹುಡುಗಿಯೂ ಎದುರಾಳಿಯ ಜೊತೆಗೆ "ನಾನು ಇಲ್ಲಿರಬಹುದೇ?" ಎಂಬ ಪ್ರಶ್ನೆಯನ್ನೂ ಎದುರಿಸಿ ಆಡಬೇಕಾಯಿತು. ಗಂಡು ಹುಡುಗನೊಬ್ಬ ಪೆನಾಲ್ಟಿಯನ್ನು ತಪ್ಪಿಸಿದರೆ ಅವನು ತಪ್ಪಿಸಿದ ಎನ್ನುತ್ತಾರೆ. ಹುಡುಗಿ ತಪ್ಪಿಸಿದರೆ ಹೆಂಗಸರಿಗೆ ಆಗದು ಎನ್ನುತ್ತಾರೆ. ಒಬ್ಬಳ ಕಾಲಿನ ಮೇಲೆ ಇಡೀ ಹೆಣ್ಣುಕುಲದ ಭಾರ!

ಇನ್ನು ನಮ್ಮ ದೇಶದ ಕಥೆ. ಭಾರತದ ಮಹಿಳಾ ಫುಟ್‌ಬಾಲ್ ಫೆಡರೇಶನ್ ಹುಟ್ಟಿದ್ದು 1975ರಲ್ಲಿ. ಆ ವರ್ಷವೇ ಉತ್ತರ ಪ್ರದೇಶದಲ್ಲಿ ಮೊದಲ ರಾಷ್ಟ್ರೀಯ ಪಂದ್ಯಾವಳಿ ನಡೆಯಿತು. ಕೊಲ್ಕತ್ತದ ಹಿರಿಯ ತರಬೇತುದಾರ ಸುಶೀಲ್ ಭಟ್ಟಾಚಾರ್ಯರು ಮೊದಲ ತಂಡವನ್ನು ತಿದ್ದಿದರು. ಐದು ವರ್ಷ ತುಂಬುವ ಮೊದಲೇ, 1980ರ ಜನವರಿಯಲ್ಲಿ, ನಮ್ಮ ನೆರೆಯ ಕಲ್ಲಿಕೋಟೆಯಲ್ಲಿ ಏಷ್ಯಾ ಮಹಿಳಾ ಚಾಂಪಿಯನ್‌ಷಿಪ್ ನಡೆಯಿತು. ಆತಿಥೇಯ ಭಾರತ ಒಂದಲ್ಲ, ಎರಡು ತಂಡಗಳನ್ನು ಕಣಕ್ಕಿಳಿಸಿತು. ಅವುಗಳಲ್ಲಿ ಒಂದು ಫೈನಲ್ಲಿಗೇ ಹೋಗಿ ತೈವಾನಿನವರಿಗೆ 0-2ರಿಂದ ಸೋತಿತು. 1981ರಲ್ಲಿ ಹಾಂಗ್‌ಕಾಂಗಿನಲ್ಲಿ ಮೂರನೆಯ ಸ್ಥಾನ. 1983ರಲ್ಲಿ ಥಾಯ್ಲೆಂಡಿನಲ್ಲಿ ಮತ್ತೆ ಫೈನಲ್. ಈ ಸಲ ಥಾಯ್ಲೆಂಡಿಗೇ ಸೋಲು. ಆ ವರ್ಷವೇ ಬಂಗಾಳದ ಶಾಂತಿ ಮಲ್ಲಿಕ್ ಅವರು ಅರ್ಜುನ ಪ್ರಶಸ್ತಿ ಪಡೆದ ಮೊದಲ ಮಹಿಳಾ ಫುಟ್‌ಬಾಲ್ ಆಟಗಾರ್ತಿಯಾದರು. ನಮ್ಮ ಬೆಂಗಳೂರಿನಿಂದ ಚಿತ್ರಾ ಗಂಗಾಧರನ್ ಭಾರತದ ಬಣ್ಣ ತೊಟ್ಟರು.

ಮೈಸೂರು ರಾಜ್ಯದ ಗಂಡಸರ ತಂಡ 1946-47ರಲ್ಲಿ ಸಂತೋಷ್ ಟ್ರೋಫಿ ಗೆದ್ದ ಕಥೆಯನ್ನು ನಮ್ಮ ಹಿರಿಯರು ಬಾಯಿತುಂಬ ಹೇಳುತ್ತಿದ್ದರು. ಬೆಂಗಳೂರಿನ ದಂಡುಪ್ರದೇಶದ ಬೀದಿಗಳಲ್ಲಿ ಆ ಆಟವನ್ನು ಬೆಳೆಸಿದವರಲ್ಲಿ ಅಲ್ಲಿಗೆ ವಲಸೆ ಹೋದ ತಮಿಳು ಸಂಸಾರಗಳ ಮಕ್ಕಳೇ ಬಹಳ ಮಂದಿ ಎಂಬುದನ್ನೂ, ಇಲ್ಲಿಗೆ ವಲಸೆ ಬಂದ ನಾವು ನೆನೆಯಬೇಕು. ಆದರೆ ಏಷ್ಯಾದಲ್ಲಿ ಎರಡು ಬಾರಿ ಎರಡನೆಯ ಸ್ಥಾನಕ್ಕೇರಿದ ಹೆಣ್ಣುಮಕ್ಕಳ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಈ ಲೇಖನಕ್ಕೆ ಕೂರುವವರೆಗೆ ನಮಗೂ ಗೊತ್ತಿರಲಿಲ್ಲ.

ಆ ಉತ್ಸಾಹ ಮುಂದುವರಿಯಲಿಲ್ಲ. 1990ರ ದಶಕದ ಆದಿಯಲ್ಲಿ ಮಹಿಳೆಯರ ಆಟವು ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ನಿನ ಆಡಳಿತಕ್ಕೆ ಬಂದಿತು. ಆದರೆ ಪಂದ್ಯಗಳು ವಿರಳವಾದವು. ಎಷ್ಟು ವಿರಳವೆಂದರೆ, ಬಹುಕಾಲ ಅಂತರರಾಷ್ಟ್ರೀಯ ಪಂದ್ಯವನ್ನೇ ಆಡದ ಕಾರಣ 2009ರ ಹೊತ್ತಿಗೆ ಭಾರತದ ಹೆಸರು ವಿಶ್ವಸಂಸ್ಥೆಯಾದ ಫಿಫಾದ ಶ್ರೇಯಾಂಕ ಪಟ್ಟಿಯಿಂದಲೇ ಹೊರಗೆ ಬಿತ್ತು. ಮಹಿಳೆಯರಿಗಾಗಿ ರಾಷ್ಟ್ರೀಯ ಲೀಗ್ ಪ್ರಾರಂಭವಾದದ್ದು 2016-17ರ ಋತುವಿನಲ್ಲಿ. ವರ್ಷಕ್ಕೆ ನಲವತ್ತು ಪಂದ್ಯ ಆಡುವವಳಿಗೆ ಒಂದು ತಪ್ಪು ನಲವತ್ತರಲ್ಲಿ ಒಂದು. ನಾಲ್ಕೇ ಪಂದ್ಯ ಸಿಗುವವಳಿಗೆ ಅದೇ ತಪ್ಪು ಅವಳ ವರ್ಷದ ಕಾಲು ಭಾಗ. ಅವಳ ಅಂಗೈ ಹೆಚ್ಚು ಬೆವರಿದರೆ ಆಶ್ಚರ್ಯವೇನು?

ಈ ಬೆವರಿನ ವಿಷಯದಲ್ಲಿ ಮನಶ್ಶಾಸ್ತ್ರ ಹೇಳುವುದನ್ನೂ ಸ್ವಲ್ಪ ನೋಡೋಣ. ಅಮೆರಿಕದ ಚಾರ್ಲ್ಸ್ ಸ್ಪೀಲ್‌ಬರ್ಗರ್ 1960ರ ದಶಕದಲ್ಲಿ ಆತಂಕವನ್ನು ಎರಡಾಗಿ ವಿಂಗಡಿಸಿದರು: ಸ್ವಭಾವದಲ್ಲಿಯೇ ಇರುವ ಆತಂಕ ಒಂದು, ಸಂದರ್ಭದಿಂದ ಆ ಗಳಿಗೆಗೆ ಹುಟ್ಟುವ ಆತಂಕ ಇನ್ನೊಂದು. 1977ರಲ್ಲಿ ರೈನರ್ ಮಾರ್ಟೆನ್ಸ್ ಎಂಬುವರು ಕ್ರೀಡಾಸ್ಪರ್ಧೆಯ ಆತಂಕವನ್ನು ಅಳೆಯಲು ಪ್ರತ್ಯೇಕವಾದ ಪ್ರಶ್ನಾವಳಿಯನ್ನು ಪ್ರಕಟಿಸಿದರು. ಮುಂದೆ ಅವರೂ ಅವರ ಸಂಗಡಿಗರೂ ಆ ಗಳಿಗೆಯ ಆತಂಕದಲ್ಲಿಯೂ ಎರಡು ಎಳೆಗಳನ್ನು ಬಿಡಿಸಿದರು. ಒಂದು ದೇಹದ್ದು: ಎದೆಬಡಿತ, ಹೊಟ್ಟೆಯ ತಳಮಳ, ಬಿಗಿದ ಸ್ನಾಯು. ಇನ್ನೊಂದು ಮನಸ್ಸಿನದು: "ಸೋತರೆ ಏನು ಗತಿ, ಎಲ್ಲರೂ ಏನನ್ನುತ್ತಾರೆ" ಎಂಬ ಚಿಂತೆ. ದೇಹದ ಎಳೆ ಸಾಮಾನ್ಯವಾಗಿ ಆಟ ಮೊದಲಾದೊಡನೆ ತಾನಾಗಿ ಇಳಿಯುತ್ತದೆ. ಸ್ವಲ್ಪ ಮಟ್ಟಿನ ಉದ್ವೇಗ ಮೈಯನ್ನು ಎಚ್ಚರಿಸಿ ಆಟಕ್ಕೆ ಸಹಾಯವನ್ನೂ ಮಾಡುತ್ತದೆ. ಕಾಡುವುದು ಎರಡನೆಯದು. ಅದು ಆಟದ ನಡುವೆಯೂ ಏಳುತ್ತದೆ, ಬೀಳುತ್ತದೆ. ನಮ್ಮ ಬೀದಿಯ ಹುಡುಗಿಯ ಹೊಟ್ಟೆ ತೊಳಸಿದ್ದು ಮೊದಲನೆಯದು. ನಾವೆಲ್ಲ ನಕ್ಕು ಅದಕ್ಕೆ ಎರಡನೆಯದನ್ನು ಸೇರಿಸಿದೆವು.

ಇಂಥ ಪ್ರಶ್ನಾವಳಿಗಳಲ್ಲಿ ಹೆಂಗಸರು ಗಂಡಸರಿಗಿಂತ ಹೆಚ್ಚು ಆತಂಕವನ್ನೂ ಕಡಿಮೆ ಆತ್ಮವಿಶ್ವಾಸವನ್ನೂ ನಮೂದಿಸುವುದು ಅನೇಕ ಅಧ್ಯಯನಗಳಲ್ಲಿ ಕಂಡುಬಂದಿದೆ. ಇದನ್ನು ಹಿಡಿದುಕೊಂಡು "ನೋಡಿರಿ, ಹೆಣ್ಣು ಅಂಜುಬುರುಕಿ" ಎನ್ನುವವರಿದ್ದಾರೆ. ಆದರೆ ಕಾಗದದ ಮೇಲೆ ಇರುವುದು ಹೇಳಿಕೊಂಡ ಅಂಜಿಕೆ. ಗಂಡುಮಕ್ಕಳು ಅಂಜಿಕೆಯನ್ನು ಬಚ್ಚಿಡಲು ಬಾಲ್ಯದಿಂದ ಕಲಿತಿರುತ್ತಾರೆ ಎಂಬುದನ್ನು ಸಂಶೋಧಕರೇ ಎಚ್ಚರಿಸುತ್ತಾರೆ. ಹೆದರಿಕೆಯನ್ನು ಹೇಳುವವಳು ಹೆದರಿಕೆಯನ್ನು ನುಂಗುವವನಿಗಿಂತ ದುರ್ಬಲಳೆಂದು ಹೇಗೆ ಹೇಳೋಣ?

ಮನೋದಾರ್ಢ್ಯದ ಮಾತೂ ಹೀಗೆಯೇ. ಅದು ಹುಟ್ಟಿನಿಂದ ಬರುವ ಉಕ್ಕಿನ ಕವಚವೆಂದು ನಾವು ತಿಳಿದಿರುತ್ತೇವೆ. 2002ರಲ್ಲಿ ಗ್ರಹಾಂ ಜೋನ್ಸ್ ಮತ್ತು ಅವರ ಸಂಗಡಿಗರು ಅಂತರರಾಷ್ಟ್ರೀಯ ಮಟ್ಟದ ಹತ್ತು ಮಂದಿ ಕ್ರೀಡಾಪಟುಗಳನ್ನು ಕೂರಿಸಿಕೊಂಡು ಮನೋದಾರ್ಢ್ಯವೆಂದರೆ ಏನೆಂದು ಕೇಳಿದರು. ಸ್ಪರ್ಧೆಯ ಆತಂಕ ತಪ್ಪದೆಂದು ಒಪ್ಪಿಕೊಂಡು ಅದನ್ನು ನಿಭಾಯಿಸಬಲ್ಲೆನೆಂದು ತಿಳಿದಿರುವುದೂ, ಬಿದ್ದ ಮೇಲೆ ಮತ್ತೆ ಏಳುವುದೂ ದಾರ್ಢ್ಯದ ಲಕ್ಷಣಗಳಲ್ಲಿ ಸೇರಿದವು. ಆ ಬಲ ಹೇಗೆ ಬರುತ್ತದೆ ಎಂದು ಅವರು ಮುಂದೆ ಕೇಳಿದಾಗ, ತಂದೆತಾಯಿ, ಗುರು, ತಂಡದ ಹಿರಿಯರು ಇವರೆಲ್ಲರ ಪಾಲು ಅದರಲ್ಲಿ ಕಂಡುಬಂತು. ಅಂದರೆ ಅದು ಬೆಳೆಯುವ ವಸ್ತು. ಬೆಳೆಯುವ ವಸ್ತುವಿಗೆ ಮಣ್ಣು ಬೇಕು, ನೀರು ಬೇಕು.

ಮೈದಾನದಲ್ಲಿ ಇದಕ್ಕೆ ಉದಾಹರಣೆಗಳಿವೆ. 1999ರ ಜುಲೈ 10ರಂದು ಅಮೆರಿಕದ ಪಾಸಡೀನಾದಲ್ಲಿ ತೊಂಬತ್ತು ಸಾವಿರಕ್ಕೂ ಮಿಕ್ಕಿದ ಜನರ ಮುಂದೆ ಮಹಿಳಾ ವಿಶ್ವಕಪ್ಪಿನ ಫೈನಲ್ ಪೆನಾಲ್ಟಿಗೆ ಹೋಯಿತು. ಗೋಲ್‌ಕೀಪರ್ ಬ್ರಿಯಾನಾ ಸ್ಕರ್ರಿ ಚೀನದ ಒಂದು ಹೊಡೆತವನ್ನು ತಡೆದರು. ಕೊನೆಯ ಹೊಡೆತವನ್ನು ಬ್ರಾಂಡಿ ಚಾಸ್ಟೇನ್ ಗೋಲಿಗೆ ಸೇರಿಸಿದರು. ಆ ಪಂದ್ಯ ಮುಗಿದ ಬಳಿಕ ಲೋಕ ಕಂಡದ್ದು ಚಾಸ್ಟೇನರ ಸಂಭ್ರಮ. ಅದರ ಹಿಂದೆ ವರ್ಷಗಟ್ಟಲೆ ಒಟ್ಟಿಗೆ ಆಡಿ ಪಳಗಿದ ಒಂದು ತಂಡವಿತ್ತು.

ನಮ್ಮವರ ಪರೀಕ್ಷೆ ಬೇರೊಂದು ರೀತಿಯಲ್ಲಿ ಬಂದಿತು. 2022ರ ಜನವರಿಯಲ್ಲಿ ಏಷ್ಯಾ ಕಪ್ ಭಾರತಕ್ಕೇ ಬಂದಿತ್ತು. ಜನವರಿ 20ರಂದು ನವಿ ಮುಂಬಯಿಯಲ್ಲಿ ಇರಾನಿನೊಡನೆ 0-0 ಸಮ. 23ರಂದು ಚೈನೀಸ್ ತೈಪೆ ಎಂಬ ಹೆಸರಿನಲ್ಲಿ ಆಡುವ ತೈವಾನಿನೊಡನೆ, ಅಂದರೆ ಕಲ್ಲಿಕೋಟೆಯಲ್ಲಿ ನಮ್ಮನ್ನು ಸೋಲಿಸಿದವರೊಡನೆಯೇ, ಪಂದ್ಯ ನಡೆಯಬೇಕಿತ್ತು. ಆ ಹೊತ್ತಿಗೆ ಕೋವಿಡ್ ತಂಡವನ್ನು ಹಿಡಿದಿತ್ತು. ನಿಯಮದಂತೆ ಬೇಕಾದ ಹದಿಮೂರು ಮಂದಿಯನ್ನೂ ಹೊಂದಿಸಲಾಗಲಿಲ್ಲ. ಭಾರತ ಪಂದ್ಯಾವಳಿಯಿಂದಲೇ ಹೊರಬಂದಿತು. ಆಡಿದ ಒಂದು ಪಂದ್ಯವೂ ಲೆಕ್ಕದಿಂದ ಹೋಯಿತು. ಸೋತವರಿಗೆ ಸೋಲಿನ ದುಃಖವಾದರೂ ಇರುತ್ತದೆ. ಆಡದೆಯೇ ಕೋಣೆಯಲ್ಲಿ ಕೂತವರಿಗೆ ಅದೂ ಇಲ್ಲ. ಅಂಥ ಗಳಿಗೆಯಲ್ಲಿ "ಗಟ್ಟಿಯಾಗಿರು" ಎಂಬ ಬರಿಯ ಮಾತು ಎಷ್ಟು ದೂರ ಹೋದೀತು?

ಮೂರು ವರ್ಷ ಕಳೆಯಿತು. 2025ರ ಜುಲೈ 5ರಂದು ಥಾಯ್ಲೆಂಡಿನ ಚಿಯಾಂಗ್ ಮಾಯ್ ನಗರದಲ್ಲಿ ಭಾರತದ ತಂಡ ಥಾಯ್ಲೆಂಡನ್ನು ಅವರ ನೆಲದಲ್ಲಿಯೇ 2-1ರಿಂದ ಸೋಲಿಸಿತು. ಎರಡು ಗೋಲನ್ನೂ ಹೊಡೆದವರು ಬಂಗಾಳದ ಸಂಗೀತಾ ಬಾಸ್ಫೋರ್. ಮಧ್ಯಂತರದ ಬಳಿಕ ಥಾಯ್ಲೆಂಡ್ ಸಮ ಮಾಡಿಕೊಂಡಿತ್ತು; ಅಲ್ಲಿಂದ ಮೇಲೆದ್ದು ಗೆದ್ದರು. ಅರ್ಹತಾ ಪಂದ್ಯಗಳನ್ನು ಗೆದ್ದು ಭಾರತ ಏಷ್ಯಾ ಕಪ್ಪಿಗೆ ಸೇರಿದ್ದು ಇದೇ ಮೊದಲು. 1983ರಲ್ಲಿ ಅದೇ ದೇಶದಲ್ಲಿ ಸೋತವರು ಈಗ ಅಜ್ಜಿಯರಾಗುವ ವಯಸ್ಸಿನವರು. ಅವರಲ್ಲಿ ಯಾರಾದರೂ ಈ ಸುದ್ದಿ ಕೇಳಿ ಒಂದು ಗಳಿಗೆ ಸುಮ್ಮನೆ ಕೂತಿರಬಹುದೆಂದು ನಮಗೆ ಅನ್ನಿಸುತ್ತದೆ.

ನಾವಿರುವ ಈ ನಾಡೂ ಹಿಂದೆ ಬಿದ್ದಿಲ್ಲ. 2018ರ ಫೆಬ್ರವರಿಯಲ್ಲಿ ಕಟಕದಲ್ಲಿ, ಈ ಆಟದಲ್ಲಿ ಬಹುಕಾಲ ಮೆರೆದ ಮಣಿಪುರವನ್ನು 2-1ರಿಂದ ಸೋಲಿಸಿ ತಮಿಳುನಾಡಿನ ಹೆಣ್ಣುಮಕ್ಕಳು ಮೊದಲ ಬಾರಿಗೆ ರಾಷ್ಟ್ರೀಯ ಚಾಂಪಿಯನ್ನರಾದರು. 2019ರಲ್ಲಿ ಮಧುರೆಯ ಸೇತು ತಂಡ ಮಹಿಳಾ ಲೀಗನ್ನು ಗೆದ್ದಿತು. 2023ರಲ್ಲಿ ಅಮೃತಸರದಲ್ಲಿ ತಮಿಳುನಾಡು ಮತ್ತೊಮ್ಮೆ ರಾಷ್ಟ್ರೀಯ ಪ್ರಶಸ್ತಿ ಪಡೆಯಿತು. ಕಡಲೂರಿನ ಇಂದುಮತಿ ಕದಿರೇಸನ್ ಭಾರತಕ್ಕಾಗಿ ಆಡುತ್ತಲೇ ತಮಿಳುನಾಡು ಪೊಲೀಸಿನಲ್ಲಿ ಸಬ್ ಇನ್ಸ್‌ಪೆಕ್ಟರ್ ಆಗಿದ್ದು, 2020ರ ಕೋವಿಡ್ ಕಾಲದಲ್ಲಿ ಬೀದಿಯ ಕರ್ತವ್ಯವನ್ನೂ ಮಾಡಿದರು. ನಮ್ಮ ಕರ್ನಾಟಕದಿಂದ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ 2023ರಲ್ಲಿ ಲೀಗಿನ ಫೈನಲ್ ತಲುಪಿ ಕೇರಳದ ಗೋಕುಲಂ ತಂಡಕ್ಕೆ 0-5ರಿಂದ ಸೋತಿತು. ಐದು ಗೋಲಿನ ಸೋಲಾದರೂ ಫೈನಲ್ ಫೈನಲ್ಲೇ. ಮರುವರ್ಷ ಮತ್ತೆ ಬೂಟು ಕಟ್ಟುವುದೇ ಆ ಸೋಲಿಗೆ ಉತ್ತರ.

ಕೊನೆಯಲ್ಲಿ ನಮ್ಮ ಬೀದಿಗೆ ಮರಳೋಣ. ಇಷ್ಟೆಲ್ಲ ಓದಿಕೊಂಡು ಒಂದು ಭಾನುವಾರ ಆ ಮನೆಗೆ ಹೋದೆವು. ದೊಡ್ಡ ಉಪದೇಶದ ಸಿದ್ಧತೆಯೂ ನಮ್ಮಲ್ಲಿತ್ತು. ಅದರ ಅಗತ್ಯ ಬೀಳಲಿಲ್ಲ. ಮಾತು ಹೇಗೋ ಹಳೆಯ ದಿನಗಳಿಗೆ ತಿರುಗಿ, ಅಜ್ಜಿ ತಾವು ಮದುವೆಯಾಗಿ ಈ ಊರಿಗೆ ಬಂದ ಹೊಸತನ್ನು ನೆನೆದರು. ತಮಿಳು ಬಾರದು. ಹಾಲಿನವನು ಬಾಗಿಲು ಬಡಿದರೆ ಎದೆ ಡವಡವ. ಏನಾದರೂ ತಪ್ಪು ಮಾತಾಡಿ ನಗೆಪಾಟಲಾದೇನೆಂದು ಒಂದು ತಿಂಗಳು ಬಾಗಿಲ ಹಿಂದೆಯೇ ನಿಂತು ಪಾತ್ರೆಯನ್ನು ಮಾತ್ರ ಹೊರಗೆ ಚಾಚುತ್ತಿದ್ದರಂತೆ.

"ಆಮೇಲೆ ಹೆದರಿಕೆ ಹೇಗೆ ಹೋಯಿತು ಅಜ್ಜಿ?" ಎಂದಳು ಹುಡುಗಿ.

"ಹೋಯಿತು ಅಂತ ಯಾರು ಹೇಳಿದರು ಪುಟ್ಟೀ? ಪಕ್ಕದ ಮನೆಯ ಅಮ್ಮ ದಿನಾ ಜೊತೆಗೆ ಬಂದು ನಿಂತರು. ಹೆದರಿಕೊಂಡೇ ಮಾತಾಡಿದೆ. ಮಾತಾಡ್ತಾ ಮಾತಾಡ್ತಾ ಬಂತು."

ಹುಡುಗಿ ಅಂದು ತನ್ನ ಅಂಗೈ ಬೆವರುವುದನ್ನು ಅಜ್ಜಿಗೆ ಬಿಡಿಸಿ ಹೇಳಿದಳು. ಅಣ್ಣ ನಗಲಿಲ್ಲ. ಮುಂದಿನ ಪಂದ್ಯದ ಬೆಳಿಗ್ಗೆ ತಂದೆಯೂ ಅವನೂ ಆಕೆಯ ಜೊತೆಗೆ ಹೋದರು. ಆಕೆ ಆ ದಿನ ಎರಡು ಗೋಲು ಬಿಟ್ಟುಕೊಟ್ಟಳು, ತಂಡ ಸೋತಿತು. ಮನೆಗೆ ಬಂದು ಹೊಟ್ಟೆತುಂಬ ಊಟ ಮಾಡಿದಳಂತೆ.

ನಾವೆಲ್ಲರೂ ಹೊಸ ಊರಿಗೆ, ಹೊಸ ಭಾಷೆಗೆ ಹೆದರಿಕೊಂಡೇ ಬಂದವರು. ಯಾರೋ ಜೊತೆಗೆ ನಿಂತುದರಿಂದ ನೆಲೆ ನಿಂತವರು. ಈ ಸಂಘವೂ ಹಾಗೆ ಜೊತೆಗೆ ನಿಲ್ಲುವುದಕ್ಕಾಗಿಯೇ ಹುಟ್ಟಿದ್ದು. ನಮ್ಮ ಮಕ್ಕಳಿಗೆ ಮನೋದಾರ್ಢ್ಯವನ್ನು ಅಂಗಡಿಯಿಂದ ತಂದುಕೊಡಲಾರೆವು. ಅವರು ಹೆದರಿಕೆಯನ್ನು ಹೇಳಿದಾಗ ನಗದೆ ಕೇಳಬಲ್ಲೆವು. ಪಂದ್ಯ ಸೋತ ದಿನ ಮೈದಾನದ ಅಂಚಿನಲ್ಲಿ ನಿಂತಿರಬಲ್ಲೆವು. ಹೆದರಿಕೆ ಊಟ ನಿದ್ದೆಗಳನ್ನೇ ತಿನ್ನತೊಡಗಿದರೆ, ಹಲ್ಲುನೋವಿಗೆ ಹೋಗುವಷ್ಟೇ ಸಹಜವಾಗಿ ಮನೋವೈದ್ಯರಲ್ಲಿಗೆ ಕರೆದುಕೊಂಡು ಹೋಗಬಲ್ಲೆವು. ಇನ್ನು ಮುಂದೆ ಯಾರಾದರೂ ನಮ್ಮ ವಿಳಾಸ ಕೇಳಿ ನಕ್ಕರೆ, ಮಂಗಳೂರಿನಲ್ಲಿ ಹುಟ್ಟಿ ಇಲ್ಲಿ ದುಡಿದ ಆ ವೈದ್ಯೆಯ ಹೆಸರನ್ನು ಹೇಳೋಣ. ಮುಚ್ಚುಮರೆಯಿಲ್ಲದೆ, ನಾವು ಕೀಲ್ಪಾಕಿನವರು ಎನ್ನೋಣ.